ಜುಬೇದಾ ಮೇಡಂ ಮತ್ತು ಹೆಚ್ಚಿಗೆ ಬಂದ ಸಂವೇಗ

ಓಡುತ್ತಿರುವ ಬಸ್ಸಿನಿಂದ ಬುರ್ಖಾ ತೊಟ್ಟ ಹೆಂಗಸೊಬ್ಬರು ಇಳಿಯುವುದನ್ನು ನೀವು ನೋಡಿದ್ದೀರೋ ಇಲ್ಲವೋ, ನಾನಂತೂ ಪಿಯುಸಿಯಲ್ಲಿ ದಿನಾ ನೋಡಿದ್ದೇನೆ. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬರುವ ಬೆಳಗಿನ ಬಸ್ಸು ನಮ್ಮ ಕಾಲೇಜಿನ ಮುಂದೆ ನಿಲ್ಲುತ್ತಿರಲಿಲ್ಲ. ರಸ್ತೆಯ ಉಬ್ಬಿನ ಹತ್ತಿರ ಒಂದಿಷ್ಟು ನಿಧಾನ ಮಾಡಿ ಮುಂದೆ ಹೋಗಿಬಿಡುತ್ತಿತ್ತು. ಜುಬೇದಾ ಮೇಡಂಗೆ ಅಷ್ಟು ನಿಧಾನವೇ ಸಾಕು. ಒಂದು ಕೈಯಲ್ಲಿ ಬುರ್ಖಾದ ಅಂಚು ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಬಾಗಿಲ ಕಂಬಿ ಬಿಟ್ಟು, ಬಸ್ಸು ಹೋಗುವ ಕಡೆಗೇ ಮುಖ ಮಾಡಿ ನೆಲಕ್ಕೆ ಕಾಲಿಡುವರು. ಬಸ್ಸಿನ ಜೊತೆ ಜೊತೆಗೇ ಒಂದಷ್ಟು ದೂರ ಓಡಿ, ಮೆಲ್ಲಗೆ ನಿಂತು, ವ್ಯಾನಿಟಿ ಬ್ಯಾಗು ಸರಿ ಮಾಡಿಕೊಂಡು, ಏನೂ ನಡೆದೇ ಇಲ್ಲವೆನ್ನುವ ಹಾಗೆ ಗೇಟಿನ ಕಡೆ ತಿರುಗುವರು. ಗೇಟಿನಲ್ಲಿ ನಿಂತ ನಾವು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು.

"ಮೇಡಮ್ಮೋರೆ, ಒಂಚೂರು ತಾಳ್ರವ್ವ, ನಿಲ್ಲುಸ್ತೀವಿ" ಎಂದು ಕಂಡಕ್ಟರ್ ಪ್ರತಿದಿನ ಕೂಗುತ್ತಿದ್ದ. ಆದರೆ ನಿಲ್ಲಿಸುತ್ತಿರಲಿಲ್ಲ. ಮೇಡಂ ಕೂಡ ತಾಳುತ್ತಿರಲಿಲ್ಲ. ಪ್ರಿನ್ಸಿಪಾಲರು ಒಂದು ದಿನ ಕರೆದು, "ಏನಮ್ಮ ಇದು, ಮಕ್ಕಳು ನೋಡಿ ಕಲೀತಾರೆ" ಎಂದು ಬೈದರಂತೆ. "ಕಲೀಲಿ ಅಂತಾನೆ ಅಲ್ವಾ ಸಾರ್ ನನ್ನ ಇಟ್ಕೊಂಡಿರೋದು" ಎಂದು ಇವರು ಹೇಳಿ ಬಂದರಂತೆ. ಆಮೇಲೆ ಕ್ಲಾಸಿಗೆ ಬಂದು ಬೋರ್ಡಿನ ಮೇಲೆ ಬಸ್ಸು ಬರೆದು, ಇಳಿಯುವ ಮನುಷ್ಯನನ್ನು ಬರೆದು, ಅವನ ಕಾಲು ನಿಂತರೂ ಮೈ ಯಾಕೆ ನಿಲ್ಲುವುದಿಲ್ಲ ಎನ್ನುವುದನ್ನು ಇಡೀ ಪೀರಿಯಡ್ ಹೇಳಿದರು. ಕೊನೆಗೆ, "ಇದೆಲ್ಲ ಗೊತ್ತಾಯ್ತಲ್ಲ? ಈಗ ಯಾರಾದ್ರೂ ಓಡೋ ಬಸ್ಸಿಂದ ಇಳಿದಿದ್ದು ನೋಡಿದ್ರೆ ಕಾಲು ಮುರೀತೀನಿ" ಎಂದರು. ನ್ಯಾಯವೆಂದರೆ ಇದು.

ಅವರು ನಮಗೆ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಹೆಸರಿಗೆ ಅತಿಥಿ, ಕಾಲೇಜಿನಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಇರುತ್ತಿದ್ದವರು ಅವರೇ. ಚಾಮರಾಜನಗರದಲ್ಲಿ ಅವರ ಕುಟುಂಬದ್ದು ಲೇತ್ ಕೆಲಸ. ತಮ್ಮ ಅನ್ವರ್ ಅಂಗಡಿ ನೋಡಿಕೊಳ್ಳುತ್ತಿದ್ದ. ಮೇಡಂ ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮಗಾರಿಗೂ ಇರಲಿಲ್ಲ, ಕೇಳಿದ್ದರೆ ಅದಕ್ಕೂ ಬೋರ್ಡಿನ ಮೇಲೆ ಚಿತ್ರ ಬರೆದು ವಿವರಿಸುತ್ತಿದ್ದರೋ ಏನೋ. ಬಂದ ತಕ್ಷಣ ಬುರ್ಖಾ ತೆಗೆದು ಲ್ಯಾಬಿನ ಮೊಳೆಗೆ ನೇತು ಹಾಕುವರು. ಒಳಗೆ ಕಾಟನ್ ಸೀರೆ, ಸೆರಗಿನ ತುದಿ ಯಾವಾಗಲೂ ಸೀಮೆಸುಣ್ಣದಿಂದ ಬೆಳ್ಳಗೆ.

ವ್ಯಾನಿಟಿ ಬ್ಯಾಗಿನಲ್ಲಿ ಪೌಡರು ಕನ್ನಡಿ ಇರಲಿಲ್ಲ, ಗೋಲಿಗಳಿದ್ದವು. ಪಾಠದ ಮಧ್ಯೆ ಯಾರಾದರೂ ಪಿಸುಗುಟ್ಟಿದರೆ ನಮ್ಮ ಉದ್ದನೆಯ ಮೇಜಿನ ಮೇಲೆ ಒಂದು ಗೋಲಿ ಉರುಳಿಸಿಬಿಡುವರು. ಅದು ಯಾರ ಮುಂದೆ ನಿಲ್ಲುತ್ತದೋ ಅವರು ಎದ್ದು ಉತ್ತರ ಹೇಳಬೇಕು. ಗೋಲಿ ತನ್ನ ಕಡೆ ಬರುವುದನ್ನು ಕಂಡು ಮಾದೇಶ ಎನ್ನುವ ಹುಡುಗ ಒಮ್ಮೆ ಉಸಿರು ಬಿಗಿಹಿಡಿದು ಊದಿ ಪಕ್ಕದವನ ಕಡೆ ತಿರುಗಿಸಿದ. ಮೇಡಂ ನೋಡಿಬಿಟ್ಟರು. "ಶಭಾಷ್! ಹೊರಗಿನ ಕೈ ಹಾಕಿದ್ದು ಯಾರು ಅಂತ ಗೊತ್ತಾಯ್ತು. ಏಳು, ನೀನೇ ಹೇಳು" ಎಂದರು.

ಈ "ಹೊರಗಿನ ಕೈ" ಅವರ ಬಾಯಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುತ್ತಿತ್ತು. ಸಂವೇಗ ಎಂದರೆ ವಸ್ತುವಿನ ತೂಕಕ್ಕೂ ಓಟಕ್ಕೂ ಸೇರಿದ ಒಂದು ಲೆಕ್ಕ. ಎರಡು ವಸ್ತು ಡಿಕ್ಕಿ ಹೊಡೆದುಕೊಂಡರೆ ಒಂದರ ಸಂವೇಗ ಇನ್ನೊಂದಕ್ಕೆ ಹೋಗಬಹುದು, ಆದರೆ ಎರಡರದ್ದೂ ಕೂಡಿದರೆ ಮೊದಲೆಷ್ಟಿತ್ತೋ ಆಮೇಲೂ ಅಷ್ಟೇ. "ಸುಮ್‌ಸುಮ್ನೆ ಯಾವುದೂ ಹೋಗಲ್ಲ, ಸುಮ್‌ಸುಮ್ನೆ ಯಾವುದೂ ಬರಲ್ಲ. ಹೆಚ್ಚುಕಮ್ಮಿ ಆಯ್ತಾ? ಹೊರಗಿನ ಕೈ ಎಲ್ಲಿದೆ ಹುಡುಕು." ಇದನ್ನು ಅವರು ಫಿಜಿಕ್ಸಿಗೆ ಮಾತ್ರ ಹೇಳುತ್ತಿರಲಿಲ್ಲ. ಒಬ್ಬಳ ಟಿಫನ್ ಡಬ್ಬಿ ಕಾಣೆಯಾದರೂ ಇದೇ, ಅಟೆಂಡರ್ ರಜೆ ಹಾಕಿದರೂ ಇದೇ.

ಇಂಥವರ ಕೈಗೆ ನಾನು ಸಿಕ್ಕಿಬಿದ್ದೆ. ನಮ್ಮೂರು ಮದ್ದೂರಿನ ಆಚೆ. ಮದ್ದೂರು ಎಂದರೆ ಮಂಡ್ಯದ ಕಡೆಯ ವಡೆಯ ಮದ್ದೂರಲ್ಲ, ಕೇರಳದ ದಾರಿಯಲ್ಲಿರುವ ನಮ್ಮ ಕಾಡಂಚಿನ ಮದ್ದೂರು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಒಳ್ಳೆ ನಂಬರು ತೆಗೆದು, ಆ ಹುರುಪಿನಲ್ಲಿ ಸೈನ್ಸ್ ತಗೊಂಡೆ. ಇಲ್ಲಿ ಬಂದರೆ ಎಲ್ಲ ಇಂಗ್ಲಿಷು. ಮೊದಲ ಟೆಸ್ಟಿನಲ್ಲಿ ಫಿಜಿಕ್ಸ್ ಪೇಪರು ಕೈಗೆ ಬಂದಾಗ ನಂಬರು ಹುಡುಕಬೇಕಾಯಿತು, ಅಷ್ಟು ಚಿಕ್ಕದಾಗಿತ್ತು. ದಿನಾ ಮನೆಗೆ ಹೋಗಿ ಅಳುವುದು, ಬೆಳಿಗ್ಗೆ ಎದ್ದು ಊದಿದ ಮುಖ ತೊಳೆದುಕೊಂಡು ಬರುವುದು.

ಅಪ್ಪ ನೋಡಿ ನೋಡಿ ತಡೆಯಲಾರದೆ ಒಂದು ಸೋಮವಾರ ಕಾಲೇಜಿಗೆ ಬಂದ. ಆ ವಾರದ ಶನಿವಾರ ಸೈನ್ಸಿನಿಂದ ಆರ್ಟ್ಸಿಗೆ ಬದಲಾಯಿಸಿಕೊಳ್ಳಲು ಕೊನೆಯ ದಿನ. ಮೇಡಂ ನಮ್ಮ ಕ್ಲಾಸ್ ಟೀಚರ್ ಆದ್ದರಿಂದ ಅವರ ಸಹಿ ಬೇಕಿತ್ತು.

"ಇವಳ್ಗೆ ಸೈನ್ಸು ಬ್ಯಾಡ ಕನ್ರವ್ವ" ಎಂದ ಅಪ್ಪ, ಟವಲ್ಲು ಕೈಯಲ್ಲಿ ಮುದುರಿಕೊಂಡು. "ತಲೆಗತ್ತದೆ ಇದ್ದುದ್ನ ಎಷ್ಟು ತುರುಕುದ್ರೂ ಅಷ್ಟೇಯ. ಅದೂ ಅಲ್ದೆ ಪ್ರಾಕ್ಟಿಕಲ್ಲು ಅಂತ ಸಾಯಂಕಾಲದ ಗಂಟ ಇಟ್ಕೊತೀರಿ. ಕೊನೇ ಬಸ್ಸು ಬುಟ್ರೆ ಏನು ಗತಿ? ದಾರೀಲಿ ಆನೆ ನಿಂತಿರ್ತವೆ. ಆರ್ಟ್ಸಾದ್ರೆ ಮದ್ಯಾನುಕ್ಕೆ ಮನ್ಗೆ ಬತ್ತಾಳೆ."

ನಾನು ನೆಲ ನೋಡುತ್ತಾ ನಿಂತಿದ್ದೆ. ಒಳಗೊಳಗೆ ನನಗೆ ಸೈನ್ಸ್ ಬಿಡುವ ಮನಸ್ಸಿರಲಿಲ್ಲ. ಆದರೆ ಬರುವುದಿಲ್ಲವಲ್ಲ, ಯಾವ ಮುಖ ಇಟ್ಟುಕೊಂಡು ಬೇಕೆನ್ನಲಿ?

ಮೇಡಂ ನನ್ನ ಕಡೆ ತಿರುಗಿ, "ನಿಂಗೆ ಬೇಕಾ, ಬ್ಯಾಡವಾ? ಅಪ್ಪನ ಮುಖ ನೋಡಬ್ಯಾಡ, ನನ್ನ ಮುಖ ನೋಡಿ ಹೇಳು" ಎಂದರು.

"ಬೇಕು" ಎಂದೆ. ಆ ದನಿ ನನಗೇ ಕೇಳಿಸಲಿಲ್ಲ, ಅವರಿಗೆ ಕೇಳಿಸಿತು.

"ಶನಿವಾರದ ತನಕ ನಂಗೆ ಬುಡಿ" ಎಂದು ಅಪ್ಪನಿಗೆ ಹೇಳಿದರು. "ಅವತ್ತು ನೀವೇ ಬನ್ನಿ. ಇವಳಿಗೆ ಫಿಜಿಕ್ಸ್ ತಲೆಗೆ ಹತ್ತುತ್ತೆ ಅಂತ ನಿಮ್ಮ ಕಣ್ಮುಂದೆ ತೋರಿಸ್ತೀನಿ. ತೋರಿಸ್ಲಿಲ್ವಾ, ನಾನೇ ಸಹಿ ಹಾಕಿ ಆರ್ಟ್ಸ್‌ಗೆ ಕಳಿಸ್ತೀನಿ."

ಮಾರನೇ ದಿನ ಅನ್ವರ್ ತನ್ನ ಅಂಗಡಿಯಲ್ಲಿ ಮಾಡಿದ್ದ ಎರಡು ಬೇರಿಂಗ್ ಗಾಡಿಗಳು ಬಸ್ಸಿನ ಟಾಪ್ ಮೇಲೆ ಬಂದವು. ಮಕ್ಕಳು ರಸ್ತೆಯಲ್ಲಿ ಉರುಳಿಸಿಕೊಂಡು ಆಡುವ ಗಾಡಿಯೇ, ಹಲಗೆಯ ಕೆಳಗೆ ಲಾರಿಯ ಹಳೇ ಬೇರಿಂಗು. ಅವತ್ತೊಂದು ದಿನ ಬಸ್ಸು ಕಾಲೇಜಿನ ಮುಂದೆ ನಿಂತಿತು. ವರಾಂಡದಲ್ಲಿ ಒಂದು ಗಾಡಿಯ ಮೇಲೆ ಮೇಡಂ ಸೆರಗು ಸಿಕ್ಕಿಸಿಕೊಂಡು ಕೂತರು. ಅವರು ಒಳ್ಳೇ ಗಟ್ಟಿ ಆಳು. ಎದುರಿನ ಗಾಡಿಯ ಮೇಲೆ ಕಡ್ಡಿಯಂಥ ನನ್ನನ್ನು ಕೂರಿಸಿದರು. "ನನ್ನ ಕೈ ತಳ್ಳು" ಎಂದರು. ತಳ್ಳಿದೆ. ಅವರು ಒಂಚೂರು ಹಿಂದೆ ಸರಿದರು, ನಾನು ಸೊಯ್ಯನೆ ಹೋಗಿ ಕಂಬಕ್ಕೆ ಬೆನ್ನು ಬಡಿಸಿಕೊಂಡೆ. ಇಡೀ ಕ್ಲಾಸು ಗೊಳ್ ಎಂದಿತು.

"ತಳ್ಳಿದ್ದು ನೀನು. ಓಡಿ ಹೋಗಿದ್ದೂ ನೀನೇ. ಯಾಕೆ?"

"ನಾನು ಅಗುರ, ನೀವು ದಪ್ಪ" ಎಂದುಬಿಟ್ಟೆ. ಮತ್ತೆ ಗೊಳ್.

ಮೇಡಂ ನಗಲಿಲ್ಲ. "ಸರಿಯಾಗಿ ಹೇಳಿದ್ಲು ಕಣ್ರೋ. ನಾನು ದಪ್ಪ, ನಿಧಾನ. ಅವಳು ಹಗುರ, ಜೋರು. ತೂಕ ಗುಣಿಸು ಓಟ, ಇಬ್ಬರದ್ದೂ ಒಂದೇ. ಒಂದು ಆ ಕಡೆ, ಒಂದು ಈ ಕಡೆ. ಕೂಡಿದ್ರೆ ಸೊನ್ನೆ. ತಳ್ಳೋಕೆ ಮುಂಚೇನೂ ಸೊನ್ನೆ ಇತ್ತು" ಎಂದರು. ನನಗೆ ಆ ಕ್ಷಣ ಅದು ಅರ್ಥವಾಯಿತು. ಇಂಗ್ಲಿಷಿನಲ್ಲೂ ಅಲ್ಲ ಕನ್ನಡದಲ್ಲೂ ಅಲ್ಲ, ಬೆನ್ನಿಗೆ ಅರ್ಥವಾಯಿತು.

ಬುಧವಾರ ಲ್ಯಾಬಿನಲ್ಲಿ ಅದನ್ನೇ ಅಳೆಯುವ ಕೆಲಸ. ನಮ್ಮ ಲ್ಯಾಬು ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಕಟ್ಟಡ, ಕಾಲೇಜಿಗೆ ಯಾರೋ ಬಿಟ್ಟುಕೊಟ್ಟಿದ್ದರು. ಗಾಡಿಗಳ ಮೇಲೆ ಇಟ್ಟಿಗೆ ಹೇರಿ, ಒಂದನ್ನು ಒಳಗಿನ ಗೋಡೆಯ ಕಡೆಯಿಂದ ಬಾಗಿಲ ಕಡೆಗೆ ತಳ್ಳುವುದು, ನಡುವೆ ನಿಂತಿರುವ ಇನ್ನೊಂದಕ್ಕೆ ಅದು ಬಡಿದು ಹಲಸಿನ ಮೇಣದಿಂದ ಅಂಟಿಕೊಂಡು ಎರಡೂ ಒಟ್ಟಿಗೆ ಹೋಗುವುದು. ನೆಲದ ಮೇಲೆ ಸೀಮೆಸುಣ್ಣದ ಗೆರೆ, ಕೈಯಲ್ಲಿ ಸ್ಟಾಪ್‌ವಾಚು. ಬಡಿಯುವ ಮುಂಚೆ ಎಷ್ಟು, ಬಡಿದ ಮೇಲೆ ಎಷ್ಟು, ಬಂದು ಬೋರ್ಡಿನ ಮೇಲೆ ಬರೆಯಬೇಕು.

ಎಲ್ಲರೂ ಬರೆದರು. ಎಲ್ಲರದ್ದೂ ಮುಂಚೆ ಎಷ್ಟೋ ಆಮೇಲೂ ಅಷ್ಟೇ, ಚುಕ್ಕಿ ವ್ಯತ್ಯಾಸವಿಲ್ಲ. ನಿಯಮವೇ ಹಾಗೆಂದ ಮೇಲೆ ಬೇರೆ ಬರೆದು ಯಾರು ಬೈಸಿಕೊಳ್ಳುತ್ತಾರೆ? ಹೊಂದಿಸಿ ಬರೆಯುವ ಲೆಕ್ಕ ನನಗೆ ಬರುತ್ತಿರಲಿಲ್ಲ. ಬಂದದ್ದನ್ನೇ ಬರೆದೆ. ಬಡಿದ ಮೇಲಿನದು ಹೆಚ್ಚು. ಹಿಂದಿನಿಂದ ಯಾರೋ ಕಿಸಕ್ಕೆಂದರು. ನನ್ನ ಕಣ್ಣು ತುಂಬಿತು. ಮುಗೀತು, ಆರ್ಟ್ಸ್ ಗ್ಯಾರಂಟಿ ಅಂದುಕೊಂಡೆ.

ಮೇಡಂ ಡಸ್ಟರ್ ತಗೊಂಡು ಬೋರ್ಡಿನ ಮೇಲಿದ್ದುದೆಲ್ಲ ಒರೆಸಿದರು. ನನ್ನದೊಂದನ್ನು ಬಿಟ್ಟರು. "ಇಡೀ ಕ್ಲಾಸಲ್ಲಿ ಪ್ರಯೋಗ ಮಾಡಿರೋದು ಇವಳೊಬ್ಬಳೇ" ಎಂದರು. ಆಮೇಲೆ ತಾವೇ ಮಾಡಿ ನೋಡಿದರು. ಹೆಚ್ಚೇ ಬಂತು. ಮತ್ತೆ ಮಾಡಿದರು, ಮತ್ತೂ ಹೆಚ್ಚು. ಘರ್ಷಣೆಗೆ ಕಡಿಮೆಯಾದರೂ ಆಗಬೇಕಿತ್ತು, ಹೆಚ್ಚಾಗುವುದೆಂದರೇನು? ಕೆಮಿಸ್ಟ್ರಿ ಸರ್ ಬಂದು, "ಬಿಡಿ ಮೇಡಂ, ಪ್ರಯೋಗ ಅಂದ್ಮೇಲೆ ಅಷ್ಟಿಷ್ಟು ತಪ್ಪು ಇದ್ದೇ ಇರುತ್ತೆ" ಎಂದರು. ಮೇಡಂಗೆ ಆ ಮಾತು ಕಂಡರಾಗದು. "ತಪ್ಪು ಅನ್ನೋದಕ್ಕೂ ಒಂದು ಮನೆ ವಿಳಾಸ ಇರುತ್ತೆ ಸಾರ್" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಗಿರಿಜಾ, ಈ ಹೆಚ್ಚಿಗೆ ಬಂದಿದ್ದು ನಿಂದು. ಎಲ್ಲಿಂದ ಬಂತು ಅಂತ ಶನಿವಾರದೊಳಗೆ ನೀನೇ ಹುಡುಕ್ಬೇಕು ಕಣಮ್ಮಿ. ನಂಗೂ ಗೊತ್ತಿಲ್ಲ. ಇಬ್ರೂ ಹುಡುಕೋಣ."

ಹುಡುಕಿದೆವು. ಸ್ಟಾಪ್‌ವಾಚು ಸರಿಯಿಲ್ಲವೇನೋ ಎಂದು ಬೇರೆಯದು ತಂದರು. ಇಟ್ಟಿಗೆಗಳನ್ನು ಹೊತ್ತುಕೊಂಡು ಹೋಗಿ ರೇಷನ್ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆವು. ಅಂಗಡಿಯವನು ಇಟ್ಟಿಗೆಗೂ ಕಾರ್ಡ್ ಮಾಡಿಸಿದ್ದೀರಾ ಎಂದು ಕೇಳಿದ. ಅನ್ವರ್ ಬಂದು ಬೇರಿಂಗ್ ಬಿಚ್ಚಿ ತೊಳೆದು ಎಣ್ಣೆ ಹಾಕಿ ಕೊಟ್ಟ. ಅಷ್ಟಾದ ಮೇಲೆ ಇನ್ನೂ ಹೆಚ್ಚಾಯಿತು! ಶುಕ್ರವಾರ ಮೇಡಂ ಮುಖ ಬಾಡಿತ್ತು, ಪಟ್ಟು ಮಾತ್ರ ಸಡಿಲವಾಗಿರಲಿಲ್ಲ. "ನಾಳೆ ನಿಮ್ಮಪ್ಪ ಬಂದ್ರೆ ಇದನ್ನೇ ಮಾಡಿ ತೋರ್ಸು. ಸುಳ್ಳು ತೋರಿಸಿ ಉಳ್ಕೊಳೋದು ಬ್ಯಾಡ" ಎಂದರು.

ಶನಿವಾರ ಅಪ್ಪ ಬಂದು ಲ್ಯಾಬಿನ ಸ್ಟೂಲಿನ ಮೇಲೆ ಅಂಚಿನಲ್ಲಿ ಕೂತ. ಮಾದೇಶ ಮೊದಲ ಗಾಡಿ ತಳ್ಳಲು ತಯಾರಾದ. ನಾನು ಎಂದಿನಂತೆ ನಡುವೆ ಕುಕ್ಕರುಗಾಲಲ್ಲಿ ಕೂತು ಎರಡನೇ ಗಾಡಿಯನ್ನು ಬೆರಳಿನಿಂದ ತಡೆದು ಹಿಡಿದಿದ್ದೆ. ಡಿಕ್ಕಿಯಾಗುವ ಹೊತ್ತಿಗೆ ಬೆರಳು ತೆಗೆಯಬೇಕು, ಇಡೀ ವಾರ ಮಾಡಿದ್ದೇ ಇದು. ಎಣ್ಣೆ ಹಾಕಿದ ಗಾಡಿ ಅವತ್ತು ಬೆರಳಿಗೆ ಸ್ವಲ್ಪ ಹೆಚ್ಚೇ ಒತ್ತುತ್ತಿತ್ತು. ಸುಮ್ಮನೆ ನಿಂತಿರಬೇಕಾದ ಗಾಡಿ ಅದು. ಅದನ್ನು ನಾನು ಯಾಕೆ ಹಿಡಿದುಕೊಳ್ಳಬೇಕು?

"ತಾಳೋ ಮಾದೇಶ" ಎಂದು ಕೂಗಿದೆ.

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲೂ ಹುಳು ಸಾಕುತ್ತಿದ್ದರು. ಒಂದೊಂದು ಬೆಳೆ ಮುಗಿದಾಗಲೂ ಹುಳು ಮನೆ ತೊಳೆಯುವ ಕೆಲಸ ನನಗೂ ಅಮ್ಮನಿಗೂ. ಒಳಗಿನ ಗೋಡೆಯ ಹತ್ತಿರ ಬಿಂದಿಗೆ ಸುರಿದರೆ ಸಾಕು, ಪೊರಕೆ ಆಡಿಸದಿದ್ದರೂ ನೀರು ತಾನಾಗಿ ಬಾಗಿಲ ತೂಬಿಗೆ ಹೋಗುತ್ತದೆ. ಹುಳು ಮನೆಗೆ ವಾಟ ಕೊಟ್ಟೇ ಗಾರೆ ಹಾಕುವುದು. ಕಣ್ಣಿಗೆ ಕಾಣದಷ್ಟು ಇಳಿಜಾರು, ನೀರಿಗೆ ಮಾತ್ರ ಗೊತ್ತಾಗುತ್ತದೆ.

ಕುಡಿಯುವ ನೀರಿನ ಕೊಡದಿಂದ ಒಂದು ಚೊಂಬು ತಂದು ಗೋಡೆಯ ಬುಡದಲ್ಲಿ ಸುರಿದೆ. ನೀರು ಒಂದು ಗಳಿಗೆ ಯೋಚನೆ ಮಾಡಿದ ಹಾಗೆ ನಿಂತು, ಆಮೇಲೆ ನಮ್ಮ ಸೀಮೆಸುಣ್ಣದ ಗೆರೆಗಳನ್ನೆಲ್ಲ ಒಂದೊಂದಾಗಿ ದಾಟಿ ಬಾಗಿಲ ಕಡೆ ನಡೆಯಿತು.

"ವಾಟ ಅದೆ ಮೇಡಂ" ಎಂದೆ. "ಇದು ಹುಳಿನ ಮನೆ. ಗಾಡಿ ಇಳಿಜಾರಲ್ಲಿ ಓಯ್ತಾ ಅದೆ. ಅದ್ಕೇ ಎಚ್ಚು."

ಮೇಡಂ ಒದ್ದೆ ನೆಲದ ಪಕ್ಕ ಮಂಡಿಯೂರಿ ನೀರು ತೂಬು ಸೇರುವ ತನಕ ನೋಡಿದರು. "ಯಾ ಅಲ್ಲಾ! ಎರಡು ವರ್ಷದಿಂದ ಇದರ ಮೇಲೆ ನಿಂತು ಪಾಠ ಮಾಡ್ತಿದೀನಿ" ಎಂದವರೇ ಎದ್ದು, ನೆಲ ಒರೆಸಿ, ಗಾಡಿಗಳನ್ನು ತಿರುಗಿಸಿ ಬಾಗಿಲ ಕಡೆಯಿಂದ ಗೋಡೆಯ ಕಡೆಗೆ ತಳ್ಳಿಸಿದರು. ಈಗ ಬಡಿದ ಮೇಲಿನದು ಕಡಿಮೆ ಬಂತು. ಇಳಿಯುವಾಗ ಹೆಚ್ಚು, ಏರುವಾಗ ಕಡಿಮೆ. "ಸಿಕ್ತು! ನೆಲ ಇಳಿಜಾರಾಗಿದೆ, ಭೂಮಿ ಎಳ್ಕೊತಿದೆ. ನಿಯಮ ಸುಳ್ಳಾಗಿರ್ಲಿಲ್ಲ ಕಣಮ್ಮಿ, ನಾವು ಎಲ್ಲ ಕೈ ಎಣಿಸಿರ್ಲಿಲ್ಲ!" ಎಂದು ನನ್ನ ಎರಡೂ ಭುಜ ಹಿಡಿದು ಅಲ್ಲಾಡಿಸಿಬಿಟ್ಟರು. ಅಷ್ಟು ಸಂತೋಷ ನಾನು ಅದುವರೆಗೆ ಯಾರಿಗೂ ಕೊಟ್ಟಿರಲಿಲ್ಲ.

ಆಮೇಲೆ ಅಪ್ಪನ ಕಡೆ ತಿರುಗಿದರು. "ನೋಡಿದ್ರಲ್ಲ. ತಲೆಗೆ ಹತ್ತುತ್ತೋ ಇಲ್ವೋ?"

ಅಪ್ಪ ಒದ್ದೆ ನೆಲವನ್ನೇ ನೋಡುತ್ತಿದ್ದ. "ಅತ್ತುತ್ತದೆ ಬುಡಿ" ಎಂದ. ಆಮೇಲೆ, "ಅದ್ಸರಿ ಕನ್ರವ್ವ, ಬಸ್ಸು?" ಎಂದ.

ನಾವೆಲ್ಲ ಮರೆತೇಬಿಟ್ಟಿದ್ದೆವು. ಫಿಜಿಕ್ಸ್ ಬಂದ ಮಾತ್ರಕ್ಕೆ ಆನೆ ದಾರಿ ಬಿಡುತ್ತದೆಯೇ? ಮೇಡಂ ತಡವರಿಸಲಿಲ್ಲ. "ಪ್ರಾಕ್ಟಿಕಲ್ ಸಾಯಂಕಾಲ ಬ್ಯಾಡ, ಬೆಳಿಗ್ಗೆ ಕ್ಲಾಸಿಗೆ ಮುಂಚೆ ಮಾಡ್ತೀನಿ. ಹಾಲಿನ ಹೊತ್ತಿಗೆ ನಿಮ್ಮೂರಿಂದ ಒಂದು ಬಸ್ಸು ಬರುತ್ತಲ್ಲ, ಅದಕ್ಕೆ ಕಳಿಸಿ" ಎಂದರು. ಅಪ್ಪ ಯೋಚಿಸಿ, "ನೀವು ನಗ್ರದಿಂದ ಅಷ್ಟೊತ್ಗೆ ಎಂಗ್ ಬತ್ತೀರಿ?" ಎಂದು ಕೇಳಿದ. "ಅದು ನನ್ನ ತಲೆನೋವು" ಎಂದರು. ಸಹಿ ಬೇಕಾಗಲಿಲ್ಲ.

ಮರುವಾರದಿಂದ ಅವರು ಮೊದಲ ಬಸ್ಸಿಗೆ ಬರತೊಡಗಿದರು. ಒಬ್ಬ ಹುಡುಗಿಗೋಸ್ಕರ ಇಡೀ ಬ್ಯಾಚಿನ ಟೈಂಟೇಬಲ್ ತಿರುಗಿಸಿದರೆಂದು ಸ್ಟಾಫ್ ರೂಮಿನಲ್ಲಿ ಗೊಣಗಾಟವಾಯಿತು. ಪ್ರಿನ್ಸಿಪಾಲರ ಹತ್ತಿರ ಇನ್ನೊಂದು ಸುತ್ತು ಜಗಳವಾಯಿತು. ಮೇಡಂ ಜಗ್ಗಲಿಲ್ಲ. ಚಳಿಗಾಲದಲ್ಲಿ ಬಸ್ಸಿನ ಕಿಟಕಿಗೆ ಗಾಜಿಲ್ಲದೆ ಕಿವಿಗೆ ಮಫ್ಲರ್ ಸುತ್ತಿಕೊಂಡು, ರಂಜಾನ್ ತಿಂಗಳಲ್ಲಿ ಉಪವಾಸವಿದ್ದುಕೊಂಡು ಬಂದರು. ಲ್ಯಾಬಿನಲ್ಲಿ ಗಾರೆಯವರಿಂದ ರಸಮಟ್ಟ ಇಸಕೊಂಡು ಬಂದು ಎರಡು ಹಲಗೆಗಳನ್ನು ಸಮ ಮಾಡಿ ಕೂರಿಸಿದರು. ಅದರ ಮೇಲೆ ಮಾಡಿದಾಗ ಲೆಕ್ಕ ಹೆಚ್ಚುಕಡಿಮೆ ಸರಿ ಬಂತು. ಆ ಸ್ವಲ್ಪ ಹೆಚ್ಚುಕಡಿಮೆಗೂ ಅವರು ವಿಳಾಸ ಹುಡುಕುತ್ತಲೇ ಇದ್ದರು. ಎರಡನೇ ಪಿಯುಸಿಯ ನಡುವೆ ಖಾಯಂ ಉಪನ್ಯಾಸಕರೊಬ್ಬರು ಬಂದರು. ಅತಿಥಿಯ ಕೆಲಸ ಹೋಯಿತು. ಆದರೂ ಪರೀಕ್ಷೆಯ ತನಕ ಭಾನುವಾರ ಬಂದು, ಗುಂಡ್ಲುಪೇಟೆಯಲ್ಲಿದ್ದ ತಮ್ಮ ಚಿಕ್ಕಮ್ಮನ ಮನೆಯ ಹಜಾರದಲ್ಲಿ ನಮ್ಮನ್ನು ಕೂರಿಸಿಕೊಂಡು ಉಳಿದ ಪಾಠ ಮುಗಿಸಿದರು. ಆ ಚಿಕ್ಕಮ್ಮನ ಕೈಯ ಟೀ ಈಗಲೂ ನೆನಪಿದೆ.

ಅವರು ಹೋಗಿ ಈಗ ಬಹಳ ವರ್ಷವಾಯಿತು. ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ, ನಾಲ್ಕು ದಿನದ ಜ್ವರ ಅಷ್ಟೆ. ಸುದ್ದಿ ನನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಎಷ್ಟೋ ಸಲ ನೆನೆಸಿಕೊಂಡು ಅತ್ತಿದ್ದೇನೆ. ನಾನು ಕೊನೆಯದಾಗಿ ಅವರನ್ನು ನೋಡಿದ್ದು ದ್ವಿತೀಯ ಪಿಯುಸಿಯ ಕೊನೆಯ ಪರೀಕ್ಷೆಯ ದಿನ.

ಪರೀಕ್ಷೆ ಮುಗಿಸಿ ಹೊರಗೆ ಬಂದರೆ ಹೊಂಗೆಯ ಮರದ ಕೆಳಗೆ ಅಪ್ಪ ನಿಂತಿದ್ದ, ಅವನೆದುರು ಮೇಡಂ. ಬಿಸಿಲಿಗೆ ಮುಖ ಕೆಂಪಗಾಗಿತ್ತು. ಅವರು ಬಂದದ್ದು ನನ್ನನ್ನು ನೋಡಲಲ್ಲ, ಅಪ್ಪನ ಜೊತೆ ವಾದ ಮಾಡಲು. ನನ್ನನ್ನು ಡಿಗ್ರಿಗೆ ಮೈಸೂರಿಗೆ ಕಳಿಸಲು ಅಪ್ಪ ಒಪ್ಪುವುದಿಲ್ಲವೆಂದು ಅವರು ಗಟ್ಟಿ ಮಾಡಿಕೊಂಡುಬಿಟ್ಟಿದ್ದರು.

"ಇವಳನ್ನ ಇಲ್ಲಿಗೇ ನಿಲ್ಲಿಸ್ಬಾರದು, ಮೊದಲು ನನ್ನ ಮಾತು ಪೂರ್ತಿ ಕೇಳಿ..." ಎಂದು ಶುರು ಮಾಡಿದರು.

"ಆಸ್ಟೆಲ್ಲು ನೋಡ್ಕಬಂದೆ ಕನ್ರವ್ವ" ಎಂದ ಅಪ್ಪ. "ಓದ ವಾರ ಮೈಸೂರ್ಗೆ ಓಗಿದ್ದೆ. ಎಣ್ಮಕ್ಳುದೇ ಬ್ಯಾರೆ ಅದೆ. ಊಟನೂ ವಾಸಿ. ಇವಳ್ಗೆ ಇನ್ನೂ ಏಳಿಲ್ಲ, ಪರೀಕ್ಸೆ ಮುಗೀಲಿ ಅಂತಿದ್ದೆ."

ನನಗೂ ಅದೇ ಮೊದಲು ಗೊತ್ತಾದದ್ದು. ಮೇಡಂ ಬಾಯಿ ತೆರೆದದ್ದು ಹಾಗೆಯೇ ಉಳಿಯಿತು. ಕಣ್ಣು ತುಂಬಿಕೊಂಡಿತ್ತು.

"ನಾನು ಬಸ್ಸಲ್ಲಿ ಏನೇನೋ ಹೊಂದಿಸ್ಕೊಂಡು ಬಂದಿದ್ದೆ" ಎಂದರು ಕೊನೆಗೆ, ಮಕ್ಕಳ ಹಾಗೆ.

ಅಪ್ಪ ಹೆಗಲ ಮೇಲಿನ ಟವಲ್ಲು ತೆಗೆದು ಕೈಗೆ ಹಾಕಿಕೊಂಡ. "ಅಷ್ಟು ದೂರದಿಂದ ಬಂದಿದ್ದೀರಿ. ಅದ್ನೂ ಏಳ್ಬುಡಿ, ಕೇಳ್ಕತೀನಿ" ಎಂದ.

ಮೇಡಂ ಹೇಳಿದರು. ಮೊದಲಿನಿಂದ ಕೊನೆಯವರೆಗೆ, ಒಂದನ್ನೂ ಬಿಡದೆ, ನಾನು ಯಾಕೆ ಓದಬೇಕು, ಯಾಕೆ ಫಿಜಿಕ್ಸೇ ಓದಬೇಕು, ಓದಿಸದಿದ್ದರೆ ಯಾಕೆ ತಪ್ಪು, ಎಲ್ಲ ಹೇಳಿದರು. ಅಪ್ಪ ಮರದ ಕೆಳಗೆ ನಿಂತು ಮಧ್ಯೆ ಬಾಯಿ ಹಾಕದೆ ಅಷ್ಟನ್ನೂ ಕೇಳಿದ. ಅವರು ಮುಗಿಸಿ ಬುರ್ಖಾದ ತೋಳಿನಿಂದ ಮುಖ ಒರೆಸಿಕೊಂಡಾಗ ತಲೆಯಾಡಿಸಿ ಹೇಳಿದ:

"ಆಯ್ತು ಕನ್ರವ್ವ. ನೀವು ಇಷ್ಟು ಏಳುದ್ಮೇಲೆ ಕಳ್ಸದೆ ಇರಕ್ಕಾದದಾ."